ಕಾಲದೆಸೆಯಲ್ಲಿ ನಿಂತು ಎಬ್ಬಿಸುವ ಇಡಾ

ಮೂರನೆಯ ಕೋಣೆಯ ಬಾಗಿಲು ಸದ್ದಿಲ್ಲದೆ ತೆರೆಯುತ್ತದೆ. ಇಡಾ ಲೋಬೊ ದೀಪ ಹಾಕುವುದಿಲ್ಲ. ಪರದೆಯನ್ನು ಒಂದು ಗೇಣು ಸರಿಸುತ್ತಾರೆ. ಅಷ್ಟೇ ಅಗಲದ ಬೆಳಕು ಬಂದು ಹೊದಿಕೆಯ ಅಂಚಿನಲ್ಲಿ ಕೂರುತ್ತದೆ. ಹೊರಗೆ ಮ್ಯಾಗ್‌ಪೈ ಹಕ್ಕಿಯೊಂದು ನೀರಿನೊಳಗಿಂದ ಕೊಳಲೂದಿದಂತೆ ಕೂಗುತ್ತಿದೆ. ಇಡಾ ಮಂಚದ ಕಾಲದೆಸೆಯಲ್ಲಿ ನಿಂತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ: "ಮಿಸ್ಟರ್ ಕ್ಲಾರೆನ್ಸ್, ಇದು ಲಿವರ್‌ಪೂಲ್. ಇವತ್ತು ಮಂಗಳವಾರ. ನಾನು ಇಡಾ."

ಇಡಾ ಕಾಯುತ್ತಾರೆ. ಮತ್ತೆ ಅದೇ ಮಾತು, ಅದೇ ಧ್ವನಿ. ಮುಟ್ಟುವುದಿಲ್ಲ.

ಸಿಡ್ನಿಯ ಲಿವರ್‌ಪೂಲ್‌ನ ಈ ವೃದ್ಧರ ಮನೆಯಲ್ಲಿ ಇಡಾ ಬೆಳಗ್ಗೆ ಆರರಿಂದ ಎಂಟೂವರೆಯೊಳಗೆ ಹದಿನಾಲ್ಕು ಮಂದಿಯನ್ನು ಎಬ್ಬಿಸುತ್ತಾರೆ. ಆರು ವರ್ಷದಿಂದ ಇದೇ ಕೆಲಸ. ಹದಿನಾಲ್ಕು ಬಾಗಿಲಿಗೂ ಬೇರೆ ಬೇರೆ ರೀತಿ. ಇಟಲಿಯ ಅಜ್ಜಿಗೆ ಕಾಫಿಯ ವಾಸನೆ ಮೊದಲು ಹೋಗಬೇಕು, ಇಡಾ ಆಮೇಲೆ. ಕಿವಿ ಕೇಳದ ಒಬ್ಬರಿಗೆ ಕಿಟಕಿಯ ಬೆಳಕೇ ಕರೆ.

ಇಡಾ ಕಿನ್ನಿಗೋಳಿಯವರು. ಮೊದಲು ಮಂಗಳೂರಿನ ಹಾಸ್ಟೆಲೊಂದರಲ್ಲಿ ಮೇಟ್ರನ್ ಆಗಿದ್ದರು. "ಅಲ್ಲಿ ಐದು ಗಂಟೆಗೆ ಬೆಲ್ ಹೊಡೆದು ಮಕ್ಕಳನ್ನು ಏಳಿಸುದು ಅಂಕಲ್. ಏಳದಿದ್ರೆ ಮುಖಕ್ಕೆ ನೀರು! ಆ ಮಕ್ಕಳ ಶಾಪವೇ ಇರ್ಬೇಕು, ಈಗ ನಾನೇ ನಾಲ್ಕು ಗಂಟೆಗೆ ಏಳ್ತೇನೆ" ಎಂದು ನನ್ನೊಡನೆ ಹೇಳಿ ನಗುತ್ತಾರೆ. ಗಂಡ ನೋರ್ಬರ್ಟ್ ಗೋದಾಮಿನಲ್ಲಿ ಭಾರ ಎತ್ತಿ ಬೆನ್ನು ಕೆಡಿಸಿಕೊಂಡಿದ್ದಾರೆ. ಇಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಸಿಗಲು ಏಳು ವರ್ಷ ಹಿಡಿಯಿತು.

ಕ್ಲಾರೆನ್ಸ್ ಅಮೆರಿಕದ ಮಿಸಿಸಿಪ್ಪಿಯ ಕರಿಯರು, ಎಪ್ಪತ್ತು ದಾಟಿದ ಹಿರಿಯರು. ಅವರ ತಂದೆ ಎರಡನೆಯ ಮಹಾಯುದ್ಧದಿಂದ ಸಮವಸ್ತ್ರದಲ್ಲೇ ಊರಿಗೆ ಮರಳಿ, ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರು. ಬಾಗಿಲು ತೆರೆದಿದ್ದರೂ ಕಚೇರಿ ಮುಚ್ಚಿದೆ ಎಂದರು. ನಾಲ್ಕು ಸಲ ಹೋದರು. ಐದನೆಯ ಸಲಕ್ಕೆ ಮರದ ಮಿಲ್ಲಿನ ಕೆಲಸವೇ ಹೋಯಿತು. ಕರಿಯರೂ ಓಟು ಹಾಕುವಂತೆ ಕಾನೂನು ಬದಲಾಗುವ ಹೊತ್ತಿಗೆ ತಂದೆ ಇರಲಿಲ್ಲ. ತಾಯಿ ಚರ್ಚಿನ ಟೋಪಿ ಧರಿಸಿ ಮೊದಲ ಓಟು ಹಾಕಿದರು. ಮರುವರ್ಷವೇ ಸರ್ಕಾರ ಮಗನನ್ನು ವಿಯೆಟ್ನಾಂ ಯುದ್ಧಕ್ಕೆ ಕರೆಯಿತು. ನಡುವೆ ಒಂದು ವಾರದ ರಜೆ ಸಿಡ್ನಿಯಲ್ಲಿ. ಆ ವಾರದ ಸಮುದ್ರ ಕನಸಿನಲ್ಲಿ ಬರುತ್ತಲೇ ಇತ್ತಂತೆ. ಕೆಲವು ವರ್ಷಗಳ ಮೇಲೆ ಶಾಲಾ ಮಾಸ್ತರರಾಗಿ ಇಲ್ಲಿಗೇ ಬಂದರು. ಊರಿನ ಚುನಾವಣೆಗೆ ಮಾತ್ರ ಪ್ರತಿ ಸಲ ಅಂಚೆಯಲ್ಲಿ ಓಟು ಕಳಿಸಿದ್ದಾರೆ, ಒಂದೂ ತಪ್ಪಿಸಿಲ್ಲ.

ಕನಸಿನಲ್ಲಿ ಸಮುದ್ರವೊಂದೇ ಬರುವುದಿಲ್ಲ, ಯುದ್ಧವೂ ಬರುತ್ತದೆ. ಇಡಾ ಹೇಳುತ್ತಾರೆ: "ಮೊದಲ ದಿನ ಭುಜ ಮುಟ್ಟಿದೆ ನೋಡಿ, ಮುಷ್ಟಿ ಬಂದು ನನ್ನ ಕಣ್ಣಿನ ಕೆಳಗೆ ಬಿತ್ತು. ಆಮೇಲೆ ಪಾಪ, ಅತ್ತದ್ದು ಅವರೇ. ಮ್ಯಾನೇಜರ್ ಹತ್ರ ಬಾಗಿಲು ತಾಗಿದ್ದು ಅಂದೆ. ಇಲ್ಲದಿದ್ರೆ ಅವರನ್ನು ಬೇರೆ ಕಡೆ ಕಳಿಸ್ತಿದ್ರು. ಭಾನುವಾರ ಪಾದ್ರಿಗಳ ಹತ್ರ ಸುಳ್ಳು ಒಪ್ಪಿಕೊಂಡೆ. ಇನ್ನೊಮ್ಮೆ ಬಾಗಿಲು ನೋಡ್ಕೊಂಡು ಹೋಗಮ್ಮ ಅಂದ್ರು!"

ಗಾಬರಿಯಿಂದ ಎದ್ದ ದಿನ ಕ್ಲಾರೆನ್ಸರ ಕೈ ನಡುಕ ಸಂಜೆಯವರೆಗೂ ನಿಲ್ಲುವುದಿಲ್ಲ. ಮೊನ್ನೆ ಇಡಾ ಮೂರು ದಿನ ರಜೆ ಹಾಕಿ ಮೆಲ್ಬರ್ನ್‌ಗೆ ಹೋಗಿದ್ದರು. ಅಲ್ಲಿನ ಟಾರ್ನೀಟ್‌ನಲ್ಲಿ ಮಗಳು ಆಶ್ಲಿನ್ ಕಟ್ಟಿಸಿದ ಮನೆಯ ಪ್ರವೇಶ. ಅವರಿಲ್ಲದ ಎರಡು ಬೆಳಗ್ಗೆ ಹೊಸಬರೊಬ್ಬರು ಭುಜ ಅಲುಗಿಸಿ ಎಬ್ಬಿಸಿದರು. ಎರಡೂ ದಿನ ಮತದ ಲಕೋಟೆಯ ಮೇಲೆ ಸಹಿ ಹಾಕಲಾಗಲಿಲ್ಲ. ದಾಖಲೆಯಲ್ಲಿರುವ ಸಹಿಗೆ ಹೊಂದದಿದ್ದರೆ ಓಟು ಎಣಿಕೆಗೆ ಸೇರುವುದಿಲ್ಲ. ಈ ದಿನದ ಅಂಚೆ ತಪ್ಪಿದರೆ ಅದು ಸಮಯಕ್ಕೆ ಊರು ಮುಟ್ಟುವುದಿಲ್ಲ. ಸುದ್ದಿ ತಿಳಿದ ಇಡಾ, ರಜೆ ಇನ್ನೂ ಒಂದು ದಿನ ಇರುವಾಗಲೇ ನಿನ್ನೆ ವಿಮಾನ ಹತ್ತಿದರು.

"ಮಮ್ಮಿ, ಯು ಆರ್ ನಾಟ್ ಹಿಸ್ ಅಲಾರ್ಮ್ ಕ್ಲಾಕ್ ಅಂತ ಆಶ್ಲಿನ್ ಬೈದಳು. ಅಲಾರ್ಮಿನ ಹಾಗೆ ಎಬ್ಬಿಸಿದ್ದಕ್ಕೇ ಹೀಗಾದದ್ದು ಮಗಾ ಅಂದೆ."

ಏಳನೆಯ ಕೋಣೆಯಲ್ಲಿ ನನ್ನ ಮನೆಯಾಕೆ ಜಯಲಕ್ಷ್ಮಿ ಹನ್ನೊಂದು ತಿಂಗಳು ಇದ್ದಳು. ಅವಳಿಗಾಗಿ ಇಡಾ ನಮ್ಮ ಬೆಳಗಿನ ಹಾಡಿನ ಎರಡು ಸಾಲು ಕಲಿತು ಗುನುಗುತ್ತಿದ್ದರು. ನಾವು ದೇವರನ್ನು ಹಾಡಿ ಎಬ್ಬಿಸುತ್ತೇವೆ, ಅಲುಗಿಸುವುದಿಲ್ಲ. ಒಂದು ಬೆಳಗ್ಗೆ ಅವಳು ಏಳಲಿಲ್ಲ. ಅದು ತಿಳಿದ ಮೇಲೂ ಇಡಾ ಹಾಡನ್ನು ಅರ್ಧಕ್ಕೆ ಬಿಡಲಿಲ್ಲ. ಈಗಲೂ ವಾರಕ್ಕೆರಡು ದಿನ ನಾನು ಇಲ್ಲಿಗೆ ಬಂದು ಹಿರಿಯರಿಗೆ ಪತ್ರಿಕೆ ಓದುತ್ತೇನೆ. ಕ್ಲಾರೆನ್ಸರ ಒಪ್ಪಿಗೆ ಪಡೆದೇ ಈ ಬೆಳಗ್ಗೆ ಬಾಗಿಲ ಬಳಿ ನಿಂತಿದ್ದೇನೆ.

ಮೂರನೆಯ ಸಲ ಇಡಾ ಅದೇ ಮಾತು ಹೇಳುತ್ತಾರೆ. ಹೊದಿಕೆ ಅಲುಗುತ್ತದೆ. ಕ್ಲಾರೆನ್ಸ್ ಕಣ್ಣು ತೆರೆದು, ದೂರದ ದಡವೊಂದರಿಂದ ದೋಣಿಯಲ್ಲಿ ಬಂದವರಂತೆ ಕೋಣೆಯನ್ನು ನಿಧಾನವಾಗಿ ನೋಡುತ್ತಾರೆ.

"ಲಿವರ್‌ಪೂಲಾ?" ಎಂದು ಕೇಳುತ್ತಾರೆ.

"ಲಿವರ್‌ಪೂಲೇ."

"ಹಾಗಾದರೆ ಪೆನ್ನು ಕೊಡು."

ಇಡಾ ಲಕೋಟೆಯ ಅಂಚನ್ನಷ್ಟೇ ಹಿಡಿಯುತ್ತಾರೆ, ಅವರ ಕೈಯನ್ನಲ್ಲ. ಪೆನ್ನು ಒಮ್ಮೆ ನಡುಗಿ, ನಿಂತು, ಮುಂದೆ ಸಾಗುತ್ತದೆ. ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ಮಾಸ್ತರರ ದುಂಡು ಅಕ್ಷರ. ಕೊನೆಯ ಅಕ್ಷರದ ಬಾಲವನ್ನೂ ಅವರು ಬಿಡುವುದಿಲ್ಲ. "ಇದು ಅಪ್ಪನದು" ಎಂದು ಲಕೋಟೆಯನ್ನು ಇಡಾ ಕೈಗೆ ಕೊಡುತ್ತಾರೆ.

ಅಂಚೆ ಡಬ್ಬಿಯವರೆಗೂ ನಾನು ಜೊತೆಗೆ ನಡೆಯುತ್ತೇನೆ. ಇಡಾ ಲಕೋಟೆಯನ್ನು ಒಳಗೆ ಬಿಟ್ಟು, ಅದು ಬಿದ್ದ ಸದ್ದು ಕೇಳುವವರೆಗೆ ನಿಲ್ಲುತ್ತಾರೆ. "ನನಗೆ ಈ ದೇಶದಲ್ಲಿ ಇನ್ನೂ ಓಟು ಇಲ್ಲ ಅಂಕಲ್. ಬರುವಾಗ ಬರ್ಲಿ" ಎನ್ನುತ್ತಾರೆ. ಮತ್ತೇನು ಬೇಕು ಎಂದು ಕೇಳುತ್ತೇನೆ. ಅವರು ಏಪ್ರನ್ ಜೇಬಿನಿಂದ ಒಂದು ಕಾರ್ಡು ತೆಗೆಯುತ್ತಾರೆ. ಹೊಸಬರಿಗೆಂದು ಇಂಗ್ಲಿಷಿನಲ್ಲಿ ತಾವೇ ಬರೆದದ್ದು: ಮುಟ್ಟಬೇಡಿ, ಕಾಲದೆಸೆಯಲ್ಲಿ ನಿಂತು ಹೆಸರು ಕರೆಯಿರಿ, ಯಾವ ಊರೆಂದು ಮೊದಲು ಹೇಳಿ.

"ಇದನ್ನು ಬಾಗಿಲ ಒಳಬದಿಗೆ ಅಂಟಿಸ್ಲಿಕ್ಕೆ ಮ್ಯಾನೇಜರ್ ಒಪ್ಪಿದ್ರೆ ಸಾಕು. ನಾನು ಇಲ್ಲದ ದಿನವೂ ಅವರು ಹೆದರದೆ ಏಳ್ಬೇಕಲ್ವಾ?"