ನಾಕಾದಾಗ ಹಿಡಿದ ಔಡಲೆಣ್ಣಿ

ನಿಜಾಮನ ಆಳ್ವಿಕಿಯ ಕಡೀ ವರ್ಷ ಅದು. ಸೂಲಗಿತ್ತಿ ನಾನು, ಅಫಜಲಪುರದ ಗಡಿ ದಾಟಿ ಆಚಿ ಊರಿಗಿ ಹೆರಿಗಿ ಮಾಡಸಾಕ ಹೊಂಟಿದ್ದೆ. ಗಡಿ ನಾಕಾದಾಗ ಸಾಮಾನು ತಪಾಸ ಮಾಡೋ ಮುನಶಿ ನನ್ನ ಔಡಲೆಣ್ಣಿ ಬಾಟಲಿ ಹಿಡಕೊಂಡು ಕುಂತುಬಿಟ್ಟ.

"ತಿನ್ನೂದೋ, ದವಾನೋ, ಬಂಡಿ ಕೀಲಿಗೋ? ಒಂದ ಹೇಳು, ಬಾಯೀ. ಒಂದೊಂದಕ್ಕ ಬ್ಯಾರೆ ಬ್ಯಾರೆ ಪರವಾನಗಿ ಅದ."

ನನಗ ಮೈಯೆಲ್ಲ ಉರೀತು. "ನಿಮ್ಮ ಮನ್ಯಾಗ ತೊಗರಿಬ್ಯಾಳಿಗಿ ಹುಳಾ ಬೀಳಬಾರದಂತ ಏನ ಹಚ್ತಾರ್ರಿ? ಇದ. ಬಂಡಿ ಕೀಲಿಗೂ ಇದ, ಹೊಟ್ಟಿ ಕಟ್ಟಿದ್ರೂ ಇದ. ಈಗ ಕೂಸಿನ ನೆತ್ತಿಗಿ ಬೇಕು. ಅಲ್ಲಿ ಹೆಣ್ಮಗಳು ಬ್ಯಾನಿ ತಿನ್ನಾಕತ್ತಾಳ!"

"ನೆತ್ತಿ ಅಂತ ಯಾದಿಯೊಳಗ ಇಲ್ಲ. ಎಣ್ಣಿ ಇಲ್ಲೇ ಇಟ್ಟು ಹೋಗು."

ಬಾಟಲಿ ಕಸಗೊಂಡೆ. ಎಲ್ಲಾರ ಮುಂದ ನನ್ನ ತಲಿಮ್ಯಾಲ ಪೂರಾ ಸುರುವಿಕೊಂಡು, ಖಾಲಿ ಬಾಟಲಿ ಅವನ ಮೇಜಿನ ಮ್ಯಾಲ ಕುಕ್ಕಿದೆ. "ತಲಿಗಿ ಎಣ್ಣಿ ಹಚ್ಚಿಕೊಳ್ಳಾಕೂ ಪರವಾನಗಿ ಬೇಕೇನ್ರಿ?"

ಅವ ಮತ್ತ ಯಾದಿ ನೋಡಿದ. ಅದರಾಗ ತಲಿನೂ ಇರಲಿಲ್ಲ, ಆದ್ರ ತಲಿ ಇಲ್ಲೇ ಇಟ್ಟು ಹೋಗು ಅನ್ನಾಕ ಬರಲಿಲ್ಲ. ಬಿಟ್ಟ.

ಕೂಸು ಹುಟ್ಟಿದ ಮ್ಯಾಲ ತುರುಬು ಬಿಚ್ಚಿ ಹಿಂಡಿ, ಅದರ ನೆತ್ತಿಗಿ ಎಣ್ಣಿ ಒತ್ತಿದೆ. ನನ್ನ ಕೂದಲದ ಜಿಡ್ಡು ಬಿಡಾಕ ನಾಕು ಸಲ ಸೀಗೆಕಾಯಿ ಬೇಕಾತು. ಆ ಮುನಶಿ ಮ್ಯಾಲಿನ ಸಿಟ್ಟು ಇನ್ನೂ ಬಿಟ್ಟಿಲ್ಲ.