ಉಲಾಲಿ ಎತ್ತಿಕೊಂಡ ಬಟ್ಟೆ

ಉಲಾಲಿ ಜಿಪುಣಿ. ಬಟ್ಟೆಯಲ್ಲೂ ಅಷ್ಟೇ, ಮಾತಿನಲ್ಲೂ ಅಷ್ಟೇ. ಆ ದ್ವೀಪದ ಕನಾಲಾ ಊರಿನ ಕಣಿವೆಯಲ್ಲಿ ಯಾರನ್ನಾದರೂ ಏನಾದರೂ ಕೇಳಬೇಕಿದ್ದರೆ ಮೊದಲು ಬಟ್ಟೆಯೊಂದನ್ನು ಅವರ ಮುಂದಿಡಬೇಕು, ಎತ್ತಿಕೊಂಡರೆ ಒಪ್ಪಿದಂತೆ. ಆ ಬಟ್ಟೆ ಮುಂದೆ ಇನ್ನೊಂದು ಮನೆಯ ಮದುವೆಗೋ ಸಾವಿಗೋ ಹೋಗುತ್ತದೆ. ಉಲಾಲಿಯ ಮನೆ ಹೊಕ್ಕ ಬಟ್ಟೆ ಹೊರಬಂದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವಳ ಅಣ್ಣನ ಮಗಳು ಜೆನೋಬಿಗೂ ಇದು ಗೊತ್ತಿತ್ತು. ಆದರೂ ಹೋದಳು.

ಜೆನೋಬಿಗೆ ನಿಕಲ್ ಗಣಿಯ ನರ್ಸರಿಯಲ್ಲಿ ಕೆಲಸ. ಕಾರಿನ ಬ್ಯಾಟರಿಗಳಿಗೆಂದು ಗುಡ್ಡದ ಮಣ್ಣು ಹಡಗು ಹತ್ತಿದ ಮೇಲೆ, ಉಳಿದ ಕೆಂಪು ಇಳಿಜಾರಿಗೆ ಗಿಡ ನೆಡಿಸುವುದು ಅವಳ ಪಾಲು. ಆ ಮಣ್ಣಿನ ನಿಕಲ್ ಹೀರಿ ಬೆಳೆದು, ಕಚ್ಚು ಬಿದ್ದರೆ ನೀಲಿ ಹಾಲು ಸುರಿಸುವ ಮರವೊಂದಿದೆ. ಅದನ್ನೇ ನೆಡಬೇಕೆಂದು ಅವಳ ಹಟ. ಮಳೆಗೆ ಮುಂಚೆ ಸಸಿ ತೋರಿಸದಿದ್ದರೆ ಯಂತ್ರ ಹರಿಸಿ ಇಳಿಜಾರಿಗೆಲ್ಲ ಪೈನ್ ಮರ ಹಾಕಿಸುವುದಾಗಿ ಗಣಿಯ ಇಂಜಿನಿಯರ್ ಹೇಳಿದ್ದ. ಬೀಜದ ಮರಗಳ ಜಾಗ ಗೊತ್ತಿದ್ದದ್ದು ಉಲಾಲಿಯೊಬ್ಬಳಿಗೇ.

ಹೂವಿನ ಬಟ್ಟೆಯೊಂದನ್ನು ಚಾಪೆಯ ಮೇಲಿಟ್ಟು ಜೆನೋಬಿ ಕೇಳಿದಳು: “ಅತ್ತೆ, ಇಳಿಜಾರಿಗೆ ನೀಲಿ ಹಾಲಿನ ಮರದ ಬೀಜ ಬೇಕು. ಎರಡು ಹಿಡಿ ಸಾಕು.”

ಉಲಾಲಿ ಬಟ್ಟೆ ಎತ್ತಿಕೊಂಡು ಅಂಚು ಎಳೆದು ನೋಡಿದಳು. “ಬಿಸಿಲಿಗೆ ಬಣ್ಣ ಬಿಡಲ್ಲ ತಾನೆ?”

“ಬೀಜ ಯಾವಾಗ ಕೊಡ್ತೀಯ?”

“ನಂಗೆ ಗೆಣಸಿನ ಹೊಲದಲ್ಲಿ ಕೆಲ್ಸ ಇದೆ. ನಡಿ ನಡಿ.”

ಮೂರು ವಾರ ಸುದ್ದಿಯಿಲ್ಲ. ಚರ್ಚಿನ ಮುಂದೆ ಹೆಂಗಸರು ನಕ್ಕರು: “ನಿಮ್ಮತ್ತೆ ಕಿಟಕಿಗೆ ಇನ್ನೊಂದು ಪರದೆ ಆಯ್ತು ಬಿಡೇ!” ಸೋಮವಾರ ಯಂತ್ರ ಬರುವುದೆಂದು ಗೊತ್ತಾಯಿತು. ಭಾನುವಾರ ಜೆನೋಬಿ ಬರಿಗೈಯಲ್ಲಿ ಹೋದಳು.

“ಬಟ್ಟೆ ತಗೊಂಡು ಮಾತು ನುಂಗಿದ್ಯಲ್ಲ ಅತ್ತೆ, ನಾಚಿಕೆ ಆಗಲ್ವಾ? ನಾಳೆ ಯಂತ್ರ ಬರುತ್ತೆ.”

“ನಾಳೇನಾ?” ಉಲಾಲಿ ಕೇಳಿದ್ದು ಅಷ್ಟೇ. ಚೀಲವೊಂದನ್ನು ಹೆಗಲಿಗೇರಿಸಿ ಹೊರಟಳು. ಜೆನೋಬಿ ಬೈಯುತ್ತಲೇ ಅವಳ ಹಿಂದೆ ಗುಡ್ಡ ಹತ್ತಿದಳು.

ಇಳಿಜಾರಿನ ಮೇಲ್ತುದಿಗೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿನ ಕುರುಚಲಿನ ನೆರಳಿನಲ್ಲಿ ಮೊಣಕಾಲೆತ್ತರದ ಸಸಿಯೊಂದಿತ್ತು. ಆಚೆಗೆ ಇನ್ನೊಂದು, ಅದರಾಚೆ ನಾಲ್ಕು. ಜೆನೋಬಿ ಎಲೆಯೊಂದನ್ನು ಚಿವುಟಿದಳು. ಉಗುರಿಗೆ ನೀಲಿ ಹಾಲು ಅಂಟಿತು.

“ಆ ಬೀಜ ಒಣಗಿದ್ರೆ ಸತ್ತೋಗುತ್ತೆ ಕಣೇ. ಬಿದ್ದ ಹಾಗೇ ತಂದು ನೆಟ್ಟೆ. ಆರು ವರ್ಷದಿಂದ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನಿಮ್ಮ ಇಂಜಿನಿಯರ್ ಇವುಗಳ ಫೋಟೋ ಹಿಡ್ಕೊಂಡು, ಈ ಗುಡ್ಡ ವಾಸಿಯಾಯ್ತು, ಪಕ್ಕದ್ದನ್ನ ಅಗೀತೀನಿ ಅಂತ ನಿಲ್ತಿದ್ದ.”

ಅದು ಸುಳ್ಳಲ್ಲವೆಂದು ಜೆನೋಬಿಗೆ ಗೊತ್ತಿತ್ತು. ಆದರೆ ಯಂತ್ರದ ಮೇಲೆ ಕೂರುವವನು ಕಣಿವೆಯವನೇ ಆದರೂ ಅವನಿಗೆ ಕುರುಚಲಿನೊಳಗಿನ ಸಸಿ ಕಾಣುವುದಿಲ್ಲ.

ಉಲಾಲಿ ಚೀಲ ಬಿಚ್ಚಿದಳು. ಒಳಗೆ ವರ್ಷಗಟ್ಟಲೆ ಮಡಿಸಿಟ್ಟ ಬಟ್ಟೆಗಳು. ಸಸಿಗೊಂದರಂತೆ ಕಟ್ಟಲು ಅವು ಸಾಲುತ್ತಿರಲಿಲ್ಲ. ಎದುರಿಗಿಟ್ಟು ಕೇಳಿದ ಬಟ್ಟೆಯ ಮೇಲೆ ಯಂತ್ರ ಹರಿಸುವವನು ಆ ಕಣಿವೆಯಲ್ಲಿ ಹುಟ್ಟಿರಲಿಲ್ಲ. ಅಂಥ ಬಟ್ಟೆಯನ್ನು ಹರಿದುಹಾಕುವವರೂ ಹುಟ್ಟಿರಲಿಲ್ಲ. ಉಲಾಲಿ ಎಲ್ಲಕ್ಕೂ ಮೇಲಿದ್ದ ಹೂವಿನ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉದ್ದಕ್ಕೆ ಪರ್ರೆಂದು ಹರಿದಳು.