ಅಪ್ಪನ ಸಿಗಾರಿಗೆ ಖಾರ ಹುಡುಕಿದ್ದು

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪ ಸಿಗಾರ್ ಹಚ್ಚುವ ಮೊದಲು ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಉಳಿದವರೆಲ್ಲ ಕವಳದ ಬಟ್ಟಲಿನ ಸುತ್ತ ಕೂತು ಎಲೆಗೆ ಸುಣ್ಣ ಹಚ್ಚುತ್ತಿರುವಾಗ ಅಪ್ಪ ಮಾತ್ರ ಜಗುಲಿಯ ತುದಿಯ ಬೆತ್ತದ ಕುರ್ಚಿಗೆ ಹೋಗಿ, ತಗಡಿನ ಡಬ್ಬಿ ತೆರೆದು, ಒಂದು ಸಿಗಾರ್ ಆರಿಸಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ, ಆಮೇಲೆ ಕಡ್ಡಿ ಗೀರುತ್ತಿದ್ದ. ಮೊದಲ ಹೊಗೆ ಬಿಟ್ಟ ಮೇಲೆ ನಾವು ಕೇಳುವುದನ್ನು ಕೇಳಬಹುದಿತ್ತು. ಉತ್ತರ ಎರಡೇ ಇದ್ದವು. "ಅಡ್ಡಿಲ್ಲೆ" ಎಂದರೆ ಕೆಲಸ ಆಯಿತು. "ನೋಡನ" ಎಂದರೆ ಅದು ಅಟ್ಟಕ್ಕೆ ಹೋಯಿತು, ಅಲ್ಲಿಂದ ಇಳಿಸುವವರು ಯಾರೂ ಇರಲಿಲ್ಲ.

ಸಿಗಾರ್ ಖಾರವಾಗಿದ್ದರೆ ಅಡ್ಡಿಲ್ಲೆ, ಸಪ್ಪೆಯಾಗಿದ್ದರೆ ನೋಡನ. ಇದು ಆಯಿಯ, ಅಂದರೆ ನನ್ನ ತಾಯಿಯ ಸಿದ್ಧಾಂತ. ಇದನ್ನೇ ನಂಬಿ ಅವಳು ಇಡೀ ಸಂಸಾರ ನಡೆಸಿದ್ದಳು. ಅದು ಎಷ್ಟು ನಿಜವೋ ಈಗ ಹೇಳಲಾರೆ. ನಾನು ಆ ವರ್ಷಗಳಲ್ಲೂ ದಿನಚರಿ ಬರೆಯುತ್ತಿದ್ದೆ. ಆದರೆ ಅದರಲ್ಲಿ ಸಿಗಾರಿನ ಮಾತು ತೀರ ಕಡಿಮೆ. ಧಾರವಾಡದಲ್ಲಿ ಓದಿ ಬಂದವಳ ಗಂಭೀರ ಆಲೋಚನೆಗಳೇ ಜಾಸ್ತಿ. ಹಾಗಾಗಿ ಇದನ್ನು ಬಹುಮಟ್ಟಿಗೆ ನನ್ನ ಮೂಗು ಹೇಳಿದಂತೆ ಬರೆಯುತ್ತಿದ್ದೇನೆ. ಮೂಗಿಗೆ ಸುಳ್ಳು ಹೇಳುವ ಕಾರಣ ಕಡಿಮೆ ಎಂದು ನನ್ನ ನಂಬಿಕೆ.

ಅಪ್ಪ ಮುಂಬಯಿ ಸರಕಾರದ ಕಾಲದಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿದ್ದವನು. ಸಿಗಾರ್ ಕಲಿಸಿದವರು ಪುಣೆ ಕಡೆಯ ಒಬ್ಬ ಸಾಹೇಬರು. ಅವರು ಎಲ್ಲಿಂದಲೋ ತರಿಸುತ್ತಿದ್ದ ಕಪ್ಪನೆಯ ದಪ್ಪ ಸಿಗಾರುಗಳಲ್ಲಿ ಅಪ್ಪನಿಗೂ ಒಂದು ಪಾಲು ಬರುತ್ತಿತ್ತು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಸಾಹೇಬರು ಮುಂಬಯಿ ಕಡೆಗೆ ಹೋದರು, ಸಿಗಾರೂ ಅವರ ಹಿಂದೆಯೇ ಹೋಯಿತು. ಊರಿನವರು ಏಕೀಕರಣದ ಬಗ್ಗೆ ಏನೇನೋ ಮಾತಾಡುತ್ತಿದ್ದರು. ಅಪ್ಪನ ದೂರು ಇದೊಂದೇ. ಅಲ್ಲಿಂದ ಮುಂದೆ ಪೇಟೆಯಲ್ಲಿ ಸಿಕ್ಕಿದ ನಾಡ ಚುಟ್ಟಾಗಳನ್ನೇ ಸಿಗಾರೆಂದು ಸೇದುತ್ತ, ಎಲ್ಲದಕ್ಕೂ ನೋಡನ ಎನ್ನುತ್ತ ಎರಡು ಮೂರು ವರ್ಷ ಕಳೆದಿದ್ದ.

ನನ್ನ ಅರ್ಜಿ ಬಿದ್ದದ್ದು ಇಂಥ ಹೊತ್ತಿನಲ್ಲಿ. ಯಲ್ಲಾಪುರದ ಒಂದು ಶಾಲೆಯವರು ನನ್ನನ್ನು ಪಾಠಕ್ಕೆ ಕರೆದಿದ್ದರು. ಉಳಿಯಲು ಅಲ್ಲಿಯೇ ಪಾಠ ಮಾಡುವ ಒಬ್ಬ ಅಕ್ಕೋರ ಮನೆಯಲ್ಲಿ ಕೋಣೆಯೂ ಇತ್ತು. ಮಳೆಗಾಲಕ್ಕೆ ಶಾಲೆ ತೆರೆಯುವುದರೊಳಗೆ ಹೌದು ಅಥವಾ ಇಲ್ಲ ಹೇಳಬೇಕಿತ್ತು. ನನಗೆ ಹೋಗಲೇಬೇಕಿತ್ತು. ಅಪ್ಪ ನೋಡನ ಎಂದ. ನಮ್ಮ ಮನೆಯಲ್ಲೇ ಇದ್ದ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಅಷ್ಟಕ್ಕೂ ಒಪ್ಪಲಿಲ್ಲ.

"ಕೂಸು ಒಂದೇ ಆ ಕಾಡಲ್ಲಿ ಹ್ಯಾಂಗೆ ಇರ್ತು, ತಮಾ? ಸಿದ್ದಾಪುರದ ಸಂಬಂಧ ಕೈಯಲ್ಲಿದ್ದು. ಮಾಣಿಗೆ ಹಲ್ಲು ಚೂರು ಮುಂದೆ ಹೇಳದು ಬಿಟ್ರೆ ಎಂತ ದೋಷ ಇದ್ದು?"

"ನೋಡನ" ಎಂದ ಅಪ್ಪ, ಅದಕ್ಕೂ.

ಆ ಸಂಜೆ ಆಯಿ ದೋಸೆಗೆ ರುಬ್ಬುತ್ತಾ ನನಗೆ ಹೇಳಿದಳು: "ನೀ ಎಷ್ಟು ವಾದ ಮಾಡಿದ್ರೂ ಉಪಯೋಗ ಇಲ್ಲೆ. ಖಾರದ್ದು ಒಂದು ಹುಡುಕು."

ಹುಡುಕಲು ಹೊರಟೆ. ಪೇಟೆಯಲ್ಲಿ ಹೊಗೆಸೊಪ್ಪಿನ ಅಂಗಡಿಯವನು ದಾಸನಕೊಪ್ಪದ ಕಡೆಯವನು. ನನ್ನನ್ನು ನೋಡಿ ಎಲೆ ಅಡಿಕೆಯ ಬುಟ್ಟಿ ಮುಂದೆ ಸರಿಸಿದ.

"ಬರ್ರಿ ಅಕ್ಕಾರ. ಎಲಿ ಕೊಡ್ಲೇನ್ರಿ?"

"ಚುಟ್ಟಾ ಕೊಡಿ. ಖಾರದ್ದು."

"ಖಾರದ್ದು?" ಅವನು ಅಂಗಡಿಯ ಹಿಂದೆ ಕೂತ ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ನಿನ್ನ ಕೈಯಡಿಗಿ ಕೊಟ್ಟು ಕಳಿಸ್ಲೇನ?" ಅವಳು ಏನೋ ಎಸೆದಳು, ಅಡಿಕೆಯಿರಬೇಕು. ಅವನು ನಗುತ್ತ ಒಂದು ಕಟ್ಟು ತೆಗೆದ. "ಇದನ್ನ ಒಯ್ರಿ. ನಮ್ಮೂರಾಗ ಇದನ್ನ ಸೇದಿದಾಂವ ಆವತ್ತು ಹೊಲಕ್ಕ ಹೋಗಾಕ ಒಲ್ಲೆ ಅಂತಾನ."

ಬಣ್ಣ ಕಪ್ಪಗಿತ್ತು. ಮನೆಗೆ ತಂದುಕೊಟ್ಟೆ. ಅಪ್ಪ ಎರಡು ಸಲ ಎಳೆದು, "ಹುಲ್ಲು" ಎಂದು ಅಂಗಳಕ್ಕೆ ಎಸೆದ. ನಾನು ಬಿಡಲಿಲ್ಲ. ಖಾರದ್ದನ್ನು ಆರಿಸುವುದು ಹೇಗೆ ಎಂದು ಕೇಳಿದೆ. ಅಪ್ಪನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಖಾರ ಹೇಳಿದ್ರೆ ಮೆಣಸಿನಕಾಯಿ ಖಾರ ಅಲ್ಲ, ಕೂಸೆ. ಅದು ನಾಲಗೆ ತುದಿಗೆ ಬಂದು ಗಲಾಟೆ ಮಾಡ್ತು. ಯಂಗೆ ಬೇಕಾದ್ದು ಕಾಳುಮೆಣಸಿನ ಖಾರ. ಮೊದ್ಲು ಎಂತದೂ ಗೊತ್ತಾಗ್ತಿಲ್ಲೆ. ಹೊಗೆ ಬಾಯಲ್ಲಿ ಹಿಡ್ಕಂಡು ಚೂರೇ ಚೂರು ಮೂಗಲ್ಲಿ ಬಿಟ್ರೆ, ಹಿಂದಿಂದ ಬಂದು ಚುರ್ ಹೇಳ್ತು."

ಆಮೇಲೆ ಅರ್ಧ ತಾಸು ಪಾಠ ನಡೆಯಿತು. ಕಪ್ಪು ಬಣ್ಣಕ್ಕೆ ಮರುಳಾಗಬಾರದು, ಕಪ್ಪು ಎಲೆ ಎಷ್ಟೋ ಸಲ ಬೆಲ್ಲದ ಹಾಗೆ ಸಿಹಿ. ಒಳಗೆ ಗಿಡದ ನೆತ್ತಿಯ ಎಲೆ ಇರಬೇಕು. ಬಿಸಿಲು ತಿಂದ ಎಲೆ ಅದು, ಜೋರು ಇರುವುದು ಅದರಲ್ಲಿ. ಮುಟ್ಟಿದರೆ ಬೆರಳಿಗೆ ತೆಳ್ಳಗೆ ಎಣ್ಣೆ ಹತ್ತಬೇಕು. ಒತ್ತಿದರೆ ತಗ್ಗಿ ಮತ್ತೆ ಏಳಬೇಕು, ಚರಚರ ಎನ್ನಬಾರದು. ಹೊತ್ತಿಸುವ ತುದಿಯನ್ನು ಮೂಸಿದರೆ ಮೂಗಿನ ಬುಡದಲ್ಲಿ ಸಣ್ಣಗೆ ನವೆಯಾಗಬೇಕು, ಆದರೆ ಸೀನು ಬರಬಾರದು. ಸೀನು ಬಂದರೆ ಅದು ಖಾರವಲ್ಲ, ಧೂಳು. ನಾನು ಕೇಳುತ್ತ ಕೂತೆ. ವಿಶ್ವವಿದ್ಯಾಲಯದಲ್ಲಿ ಯಾರ ಪಾಠವನ್ನೂ ಅಷ್ಟು ಸ್ವಾರ್ಥದಿಂದ ಕೇಳಿದ್ದಿಲ್ಲ.

ಇಷ್ಟು ಕೇಳಿಯೂ ನಾವು ಮಾಡಿದ ಕೆಲಸ ನಮ್ಮ ಸೀಮೆಯವರಷ್ಟೇ ಮಾಡುವಂಥದ್ದು. ಇಲ್ಲಿ ಎಲ್ಲದಕ್ಕೂ ಕಾಳುಮೆಣಸೇ ಕಾವಲು. ಪೆಟ್ಟಿಗೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಕಾಳುಮೆಣಸಿನ ಪುಟ್ಟ ಗಂಟು, ಬೇಳೆಯ ಡಬ್ಬಿಯಲ್ಲಿ ಒಂದು ಹಿಡಿ, ಕೆಮ್ಮಿಗೆ ಕಷಾಯ. ಹಾಗಾಗಿ ಆಯಿ "ಕಾಳುಮೆಣಸಿನ ಖಾರ ಬೇಕು ಹೇಳಿದ್ರೆ ಕಾಳುಮೆಣಸಲ್ಲೇ ಇಟ್ರಾತು" ಎಂದಾಗ ಅದು ನನಗೆ ಪೂರ್ತಿ ತರ್ಕಬದ್ಧವಾಗಿ ಕಂಡಿತು. ದಾಸನಕೊಪ್ಪದವನ ಉಳಿದ ಚುಟ್ಟಾಗಳನ್ನು ಆ ವರ್ಷದ ಹೊಸ ಕಾಳುಮೆಣಸು ತುಂಬಿದ ಭರಣಿಯೊಳಗೆ ಹುಗಿದು ಬಾಯಿಗೆ ಬಟ್ಟೆ ಕಟ್ಟಿದೆವು. ವಾರ ಬಿಟ್ಟು ತೆಗೆದಾಗ ಘಮವೇನೋ ಬಂದಿತ್ತು. ಬಿಸಿಲಲ್ಲಿ ಕಾದು ಒಣಗಿದ ಮೆಣಸು ಚುಟ್ಟಾದ ಪಸೆಯನ್ನೆಲ್ಲ ಹೀರಿ, ಬದಲಿಗೆ ತನ್ನ ಪುಡಿಯನ್ನು ಎಲೆಯ ಸಂದಿಗೆಲ್ಲ ತುಂಬಿತ್ತೆಂದು ನಮಗೆ ಗೊತ್ತಾದದ್ದು ಅಪ್ಪ ಕಡ್ಡಿ ಗೀರಿದ ಮೇಲೆ.

ಮೊದಲು ಚಟಪಟ ಸದ್ದಾಯಿತು. ಆಮೇಲೆ ಅಪ್ಪ ಸೀನಿದ. ಅಪ್ಪನ ನಂತರ ಅತ್ತೆ, ಅತ್ತೆಯ ನಂತರ ನಾನು. ಅಂಗಳದ ಮೂಲೆಯಲ್ಲಿ ಮಲಗಿದ್ದ ನಾಯಿ ಸೀನುತ್ತ ಎದ್ದು ಹೋದದ್ದು ನೆನಪಿದೆ, ಆದರೆ ಆ ನಾಯಿ ನಮ್ಮ ಮನೆಗೆ ಬಂದದ್ದು ಮರುವರ್ಷ ಎಂದು ದಿನಚರಿ ಹೇಳುತ್ತದೆ. ಇರಲಿ, ಅದೂ ಸೀನಿಕೊಳ್ಳಲಿ.

ಅಪ್ಪ ಕಣ್ಣೊರೆಸಿಕೊಂಡು, "ಇದು ಸಿಗಾರಲ್ಲ, ಕಷಾಯ" ಎಂದ.

"ಯಲ್ಲಾಪುರದ ವಿಷಯ" ಎಂದು ನಾನು ಶುರು ಮಾಡಿದೆ. ಅತ್ತೆ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. "ಇವತ್ತು ಕೇಳಡ ಮಾರಾಯ್ತಿ. ಇವತ್ತು ಉಸಿರು ಬಿಟ್ರೆ ಸಾಕಾಯ್ದು ಅವಂಗೆ."

ಆಯಿ ತನ್ನ ಸಿದ್ಧಾಂತ ಬಿಟ್ಟು ಬೇರೆ ದಾರಿ ಹಿಡಿದಳು. "ನೋಡನ ಹೇಳಿ ಇಷ್ಟು ದಿನ ಆತು. ಹೋಗಿ ನೋಡ್ಕಂಡಾದ್ರೂ ಬನ್ನಿ" ಎಂದು ಅಪ್ಪನಿಗೆ ಹೇಳಿದಳು. ಯಲ್ಲಾಪುರದಲ್ಲಿ ಕಡಿದ ಮರ ಪೇರಿಸಿಡುವ ನಾಟಾ ಡಿಪೋದಲ್ಲಿ ಅಪ್ಪನ ಹಳೆಯ ಜೊತೆಗಾರರು ಇದ್ದರು. ಆ ನೆಪಕ್ಕೆ ಅಪ್ಪ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಶಾಲೆ ನೋಡಿದೆವು, ಕೋಣೆ ನೋಡಿದೆವು. ಅಪ್ಪನ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಹಿಂತಿರುಗುವ ಬಸ್ಸಿಗೆ ಹೊತ್ತಿತ್ತು. ಅಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹಳಬರ ಜೊತೆ ಚಹಾಕ್ಕೆ ಕೂತಾಗ, ಎದುರಿನಲ್ಲಿ ಸಾಗುವಾನಿ ಸಾಗಿಸುವ ಲಾರಿಗಳು ನಿಲ್ಲುವ ಕಡೆಯ ಒಂದು ಅಂಗಡಿ ನನ್ನ ಕಣ್ಣಿಗೆ ಬಿತ್ತು. ಗಾಜಿನ ಭರಣಿಗಳಲ್ಲಿ ಬೇರೆ ಬೇರೆ ದಪ್ಪದ ಚುಟ್ಟಾಗಳು.

"ಪೆಪ್ಪರಮೆಂಟು ಆ ಬದಿಗೆ ಉಂಟು, ಬಾಯಿಯವರೇ" ಎಂದ ಅಂಗಡಿಯವನು.

"ನನಗೆ ಇದೇ ಬೇಕು. ತೆಗೆದು ನೋಡಬಹುದಾ?"

"ನೋಡಿ. ಇದು ದಿಂಡಿಗಲ್ ಕಡೆಯ ಲಾರಿಯವರು ತರೋ ಮಾಲು. ಊರಿನವರು ಒಬ್ಬರೂ ತಗೊಳ್ಳೋದಿಲ್ಲ."

ನಾನು ಒಂದೊಂದೇ ತೆಗೆದು ಒತ್ತಿ, ಬೆರಳು ಉಜ್ಜಿ, ತುದಿ ಮೂಸಿ ಪಕ್ಕಕ್ಕಿಟ್ಟೆ. ಒಂದು ಬೆಲ್ಲದ ವಾಸನೆ, ಒಂದು ಬರೀ ಹುಲ್ಲು, ಒಂದಕ್ಕೆ ಸೀನು. ಲಾರಿಗೆ ಒರಗಿ ನಿಂತಿದ್ದ ಒಬ್ಬ ಡ್ರೈವರ್ ಇದನ್ನೇ ನೋಡುತ್ತಿದ್ದ. "ಬದನೇಕಾಯಿ ಆರಿಸಿದ ಹಾಗೆ ಆರಿಸ್ತಾರಲ್ಲ" ಎಂದ. "ಹಚ್ಚಿ ನೋಡ್ಬೇಕು, ಬಾಯಿ."

"ಹಚ್ಚುವವರು ಎದುರಿನ ಹೋಟೆಲಿನಲ್ಲಿದ್ದಾರೆ. ಕರೀಲಾ?"

ಅವನು ಟೋಪಿ ಸರಿ ಮಾಡಿಕೊಂಡು ಲಾರಿಯ ಆ ಬದಿಗೆ ಹೋದ. ಅಷ್ಟರಲ್ಲಿ ಕೈಗೆ ಬಂದದ್ದು ಕಪ್ಪಲ್ಲ, ಕೆಂಪು ಮಿಶ್ರಿತ ಕಂದು. ನರ ಎದ್ದು ಒರಟಾಗಿ ಕಾಣುವ ಎಲೆ. ಬೆರಳಿಗೆ ಎಣ್ಣೆ ಹತ್ತಿತು. ಒತ್ತಿದರೆ ಮೆತ್ತಗೆ ತಗ್ಗಿ ಎದ್ದಿತು. ಮೂಸಿದರೆ ಮೊದಲು ಬರೀ ಒಣ ಮಣ್ಣಿನ ವಾಸನೆ, ಆಮೇಲೆ, ಮೂಗಿನಿಂದ ದೂರ ಸರಿಸಿದ ಮೇಲೆ, ಹಿಂದಿನಿಂದ ಬಂದು ಸಣ್ಣಗೆ ಚುರ್ ಎಂದಿತು. ಈ ಒಂದು ಕ್ಷಣದ ಬಗ್ಗೆ ನನಗೆ ಅನುಮಾನವೇ ಇಲ್ಲ. ಒಂದು ಕಟ್ಟು ಕಟ್ಟಿಸಿಕೊಂಡೆ.

ಮರುದಿನ ಊಟವಾದ ಮೇಲೆ ಅದನ್ನು ಡಬ್ಬಿಯಲ್ಲಿಟ್ಟೆ. ಅಪ್ಪ ತೆಗೆದ, ಕಿವಿಯ ಹತ್ತಿರ ಒತ್ತಿದ, ಹಚ್ಚಿದ. ಮೂಗಿನಿಂದ ಸ್ವಲ್ಪ ಹೊಗೆ ಬಿಟ್ಟ. ಕಣ್ಣಂಚು ಒದ್ದೆಯಾಯಿತು. ನಾವು ಮೂವರೂ ಕವಳ ಅಗಿಯುವುದನ್ನು ನಿಲ್ಲಿಸಿ ಕೂತಿದ್ದೆವು.

"ಎಲ್ಲಿಂದು ಇದು?"

"ಯಲ್ಲಾಪುರದ್ದು. ಬಸ್ ಸ್ಟ್ಯಾಂಡಿನ ಹತ್ರ ಸಿಕ್ತು. ಬೇರೆ ಕಡೆ ಸಿಗ್ತಿಲ್ಲೆ."

ಅಪ್ಪ ಇನ್ನೊಮ್ಮೆ ಎಳೆದ. "ಅಡ್ಡಿಲ್ಲೆ. ಕೂಸು ಯಲ್ಲಾಪುರಕ್ಕೆ ಹೋಗ್ಲಿ. ತಿಂಗಳಿಗೊಂದು ಸಲ ಬಂದು ಇದನ್ನ ಕೊಟ್ಟು ಹೋಗ್ಲಿ."

"ಚುಟ್ಟಾಕ್ಕೋಸ್ಕರ ಕೂಸನ್ನೇ ಕಳಿಸ್ತ್ಯಾ, ತಮಾ?" ಎಂದಳು ಅತ್ತೆ.

"ಸಿದ್ದಾಪುರದಲ್ಲಿ ಇದು ಸಿಗ್ತಾ?" ಎಂದ ಅಪ್ಪ. ಅತ್ತೆ ಎಲೆಗೆ ಸುಣ್ಣ ಜಾಸ್ತಿ ಹಚ್ಚಿದಳು. ಆದರೆ ಸೋಲಲಿಲ್ಲ. ಚುಟ್ಟಾ ಬರುವವರೆಗೆ ಯಲ್ಲಾಪುರ, ನಿಂತ ದಿನ ಸಿದ್ದಾಪುರ ಎಂದು ಅಪ್ಪನಿಂದ ಹೂಂ ಹೇಳಿಸಿಯೇ ಬಿಟ್ಟಳು.

ನಾನು ಶಾಲೆ ಸೇರಿದೆ. ಮಳೆ ಹಿಡಿದ ಮೇಲೆ ಲಾರಿಗಳು ಕಡಿಮೆಯಾದವು. ಒಂದು ತಿಂಗಳು ಅಂಗಡಿಯವನು ಖಾಲಿ ಭರಣಿ ಅಲ್ಲಾಡಿಸಿ ತೋರಿಸಿದ. ಇದ್ದದ್ದು ಬೇರೆ ಮಾಲು. ಎಲ್ಲವನ್ನೂ ಮೂಸಿ ನೋಡಿದೆ. ಹುಲ್ಲು, ಮತ್ತೆ ಹುಲ್ಲು. ಬರಿಗೈಯಲ್ಲಿ ಹೋಗುವುದಕ್ಕಿಂತ ಮೇಲೆಂದು ಅದನ್ನೇ ಕೊಂಡು ಶಿರಸಿಗೆ ಬಂದೆ. ದಾರಿಯುದ್ದಕ್ಕೂ, ಹಲ್ಲು ಮುಂದಿರುವ ಸಿದ್ದಾಪುರದ ಆ ಮಾಣಿಗೆ ಯಾವ ಪುಸ್ತಕ ಇಷ್ಟವಿರಬಹುದು ಎಂದು ಯೋಚಿಸಿದೆ.

ಮಧ್ಯಾಹ್ನ ಅಪ್ಪ ಡಬ್ಬಿ ತೆರೆದ. ಒತ್ತಿದ. ಅತ್ತೆ ಕವಳದ ಬಟ್ಟಲು ಬಿಟ್ಟು ಕುರ್ಚಿಯ ಹತ್ತಿರವೇ ಬಂದು ಕೂತಿದ್ದಳು. ಅಪ್ಪ ಕಡ್ಡಿ ಗೀರಿದ. ಹೊಗೆ ನನ್ನವರೆಗೂ ಬಂತು. ಗದ್ದೆ ಕೊಯ್ದ ಮೇಲೆ ಸುಡುವ ಕಸದ ವಾಸನೆ, ಅಷ್ಟೇ.

"ಖಾರ ಇದ್ದಾ?" ಎಂದು ಅತ್ತೆ ಕೇಳಿದಳು.

ಅಪ್ಪ ಹೊಗೆ ಹಿಡಿದು ಕೂತ. ನನ್ನ ಕಡೆ ನೋಡಿದನೇ? ನೋಡಿದ ಎಂದು ಎಷ್ಟೋ ವರ್ಷ ಹೇಳುತ್ತ ಬಂದಿದ್ದೇನೆ. ಪ್ರಮಾಣ ಮಾಡಿ ಹೇಳಲಾರೆ. ಮೂಗಿನಿಂದ ಹೊಗೆ ಬಿಟ್ಟು ಎರಡು ಸಲ ಕೆಮ್ಮಿದ. ಅಪ್ಪ ಸಿಗಾರಿಗೆ ಕೆಮ್ಮುವವನೇ ಅಲ್ಲ, ಆ ಕಷಾಯದ ದಿನವೂ ಸೀನಿದ್ದನೇ ಹೊರತು ಕೆಮ್ಮಿರಲಿಲ್ಲ.

"ಖಾರ ಇದ್ದು" ಎಂದ. "ಹೋದ ಸಲಕ್ಕಿಂತ ಜಾಸ್ತಿನೇ."

ಸಪ್ಪೆ ಸಿಗಾರನ್ನು ಎರಡು ಎಳೆತಕ್ಕೆ ಅಂಗಳಕ್ಕೆ ಎಸೆಯುವ ಅಪ್ಪ, ಅತ್ತೆ ಎದ್ದು ಒಳಗೆ ಹೋಗುವವರೆಗೂ ಅದನ್ನು ಸೇದಿದ. ಅವಳು ಬೇಗ ಏಳಲಿಲ್ಲ. ಬೆರಳು ಸುಡುವಷ್ಟು ಚಿಕ್ಕದಾದ ಮೇಲೆ ತುಂಡನ್ನು ಕುರ್ಚಿಯ ಕಾಲಿನ ಬಳಿ ಉಜ್ಜಿ ಆರಿಸಿ, "ಬೆಳಗಿನ ಬಸ್ಸು ಎಷ್ಟು ಗಂಟೆಗೆ, ಕೂಸೆ?" ಎಂದು ಕೇಳಿದ.